ಯುರೋಪಿನ ಪಾಳು ಬಂಗಲೆಗಳ ಫೋಟೋ ತೆಗೆಯೋದು ಹೇಗೆ, ಅದೂ ಬೇಲಿ ಹಾರದೆ

ಇನ್‌ಸ್ಟಾದಲ್ಲಿ ಪಾಳು ಬಿದ್ದ ಬಂಗಲೆ, ಸುರುಳಿ ಮೆಟ್ಟಿಲು, ಉದುರ್ತಿರೋ ಪೇಂಟು ಇವೆಲ್ಲ ನೋಡಿ ‘ಲೊಕೇಶನ್ ಕಳ್ಸಿ ಗುರು’ ಅಂತ ಜರ್ಮನಿಗೆ ಓದೋಕೆ ಬಂದಿರೋ ನಮ್ ಹುಡುಗ್ರು ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಸಲ ಎಲ್ಲಾ ಬರೆದುಬಿಡ್ತೀನಿ. ಬೇಲಿ ಹಾರೋದು, ಒಡೆದ ಕಿಟಕಿಯಿಂದ ನುಗ್ಗೋದು ಇದ್ರಲ್ಲಿ ಇಲ್ಲ, ಅದು ಬೇಕಾದೋರು ಇಲ್ಲೇ ನಿಲ್ಲಿಸ್ಬಹುದು. ನಾನೇನು ಉಪದೇಶ ಮಾಡೋಕೆ ಬಂದಿಲ್ಲ, ನನ್ನ ಲೆಕ್ಕ ಸಿಂಪಲ್ಲು, ಕದ್ದು ಹೋದೋನಿಗೆ ಟೈಮ್ ಇರಲ್ಲ, ಕಿವಿ ಪೂರ್ತಿ ಗೇಟ್ ಕಡೆನೇ ಇರತ್ತೆ, ಟ್ರೈಪಾಡ್ ನಿಲ್ಲಿಸಿ ಒಂದು ರೂಮಲ್ಲಿ ಅರ್ಧ ಗಂಟೆ ಕಳೆಯೋಕಾಗಲ್ಲ. ಈ ಫೋಟೋಗಳಿಗೆ ಬೇಕಿರೋದೇ ಆ ಅರ್ಧ ಗಂಟೆ.

ಕಾನೂನಿನ ವಿಷಯ ಬೇಗ ಮುಗಿಸ್ತೀನಿ. ಕಟ್ಟಡ ಪಾಳು ಬಿದ್ದಿದೆ ಅಂದ್ರೆ ಓನರ್ ಇಲ್ಲ ಅಂತಲ್ಲ. ಜರ್ಮನಿಲಿ ಕ್ರಿಮಿನಲ್ ಕೋಡಿನ 123ನೇ ಸೆಕ್ಷನ್ ಪ್ರಕಾರ ಬೇಲಿ ಹಾಕಿರೋ ಜಾಗಕ್ಕೆ ನುಗ್ಗಿದ್ರೆ 1 ವರ್ಷದವರೆಗೆ ಜೈಲು ಇಲ್ಲಾ ಫೈನ್. ಓನರ್ ಕಂಪ್ಲೇಂಟ್ ಕೊಟ್ರೆ ಮಾತ್ರ ಕೇಸಾಗೋದು ನಿಜ, ಆದ್ರೆ ವೀಸಾ ಮೇಲಿರೋರು ಆ ಜೂಜು ಯಾಕೆ ಆಡ್ಬೇಕು ಹೇಳಿ. ಬೇರೆ ದೇಶಗಳಲ್ಲಿ ರೂಲ್ಸು ಬೇರೆ ಬೇರೆ, ಹೋಗೋ ಮುಂಚೆ ನೋಡ್ಕೊಳ್ಳಿ.

ಶುರು ಮಾಡೋಕೆ ಬೆಸ್ಟ್ ಜಾಗ ಅಂದ್ರೆ ಬರ್ಲಿನ್ ಪಕ್ಕದ ಬೇಲಿಟ್ಸ್ ಹೈಲ್‌ಷ್ಟೆಟ್ಟನ್. ಬರ್ಲಿನ್‌ನಿಂದ ಆರ್‌ಇ 7 ಅನ್ನೋ ಲೋಕಲ್ ಟ್ರೈನ್ ಹತ್ತಿದ್ರೆ ಅದೇ ಹೆಸರಿನ ಸ್ಟೇಷನ್ನಲ್ಲಿ ಇಳಿಬಹುದು, ಡಾಯ್ಚ್‌ಲಾಂಡ್ ಟಿಕೆಟ್ (ಇಡೀ ಜರ್ಮನಿಯ ಲೋಕಲ್ ಟ್ರೈನ್, ಬಸ್ಸಿಗೆ ಆಗೋ ತಿಂಗಳ ಪಾಸು) ಇರೋರಿಗೆ ಬೇರೆ ಚಾರ್ಜಿಲ್ಲ. 1898ರಲ್ಲಿ ಕಟ್ಟೋಕೆ ಶುರು ಮಾಡಿದ ಟಿಬಿ ಆಸ್ಪತ್ರೆ ಇದು, ಸುಮಾರು 200 ಹೆಕ್ಟೇರ್ ಕಾಡಲ್ಲಿ 60 ಕಟ್ಟಡ, ಆಸ್ಪತ್ರೆ ಅಂತಾರೆ ಅಷ್ಟೇ, ನೋಡೋಕೆ ಅರಮನೆ. ಆವಾಗ ಟಿಬಿಗೆ ಔಷಧಿ ಇರ್ಲಿಲ್ಲ, ಗಾಳಿ ಬಿಸಿಲೇ ಟ್ರೀಟ್‌ಮೆಂಟು, ಅದಕ್ಕೇ ದೊಡ್ಡ ದೊಡ್ಡ ಕಿಟಕಿ, ರೋಗಿಗಳು ಮಲ್ಕೊಳ್ಳೋಕೆ ಉದ್ದುದ್ದ ವರಾಂಡ. ಇದು ಗೊತ್ತಿದ್ರೆ ಫೋಟೋಗೂ ಉಪಯೋಗ, ಬೆಳಕು ಬರೋ ಹಾಗೇ ಕಟ್ಟಿದ ಕಟ್ಟಡ ಅಲ್ವಾ. 1916ರಲ್ಲಿ ಮೊದಲನೇ ಮಹಾಯುದ್ಧದಲ್ಲಿ ಗಾಯ ಆದ ಹಿಟ್ಲರ್ ಇಲ್ಲಿ ಇದ್ದ. 1945ರಿಂದ 1994ರವರೆಗೆ ಸೋವಿಯತ್, ಆಮೇಲೆ ರಷ್ಯನ್ ಸೈನ್ಯದ ಆಸ್ಪತ್ರೆ, ಅವರು ಹೋದ್ಮೇಲೆ ಬಹಳಷ್ಟು ಕಟ್ಟಡ ಹಾಗೇ ಬಿದ್ದೋಯ್ತು. ಈಗ ಕೆಲವು ರಿಪೇರಿ ಆಗಿ ಜನ ವಾಸ ಇದಾರೆ, ಅವರ ಕಿಟಕಿಗೆ ಲೆನ್ಸ್ ತಿರುಗಿಸ್ಬೇಡಿ.

ಇಲ್ಲಿ 2015ರಲ್ಲಿ ಮರಗಳ ಮೇಲೆ ನಡೆಯೋ ಎತ್ತರದ ಸೇತುವೆ ಥರ ಒಂದು ದಾರಿ ಮಾಡಿದಾರೆ, ನೆಲದಿಂದ 20 ಮೀಟರ್‌ಗಿಂತ ಮೇಲೆ. ಅದು ‘ಆಲ್ಪೆನ್‌ಹೌಸ್’ ಅನ್ನೋ ಕಟ್ಟಡದ ನೆತ್ತಿ ಮೇಲೇ ಹಾದುಹೋಗತ್ತೆ. ಎರಡನೇ ಮಹಾಯುದ್ಧದ ಕೊನೇಲಿ ಸುಟ್ಟ ಕಟ್ಟಡ ಅದು, ಯಾರೂ ಸರಿ ಮಾಡ್ಲಿಲ್ಲ, ಈಗ ಮೇಲ್ಗಡೆ ದೊಡ್ಡ ದೊಡ್ಡ ಮರಗಳೇ ಬೆಳೆದು ನಿಂತಿವೆ. ಬೇಸಿಗೇಲಿ ಹೋದ್ರೆ ಎಲೆ ತುಂಬ್ಕೊಂಡು ಕಟ್ಟಡನೇ ಮುಚ್ಚೋಗಿರತ್ತೆ, ನವೆಂಬರ್ ಇಲ್ಲಾ ಮಾರ್ಚಲ್ಲಿ ಹೋಗಿ, ಗೋಡೆ ಮರ ಎರಡೂ ಕಾಣತ್ತೆ. ಕಟ್ಟಡದ ಒಳಗೆ ಹೋಗೋಕೆ ಗೈಡ್ ಟೂರ್, ಫೋಟೋಗ್ರಾಫರ್‌ಗಳಿಗೆ ಅಂತಾನೇ ಗಂಟೆಗಟ್ಲೆ ಬಿಡೋ ಫೋಟೋ ಟೂರ್ ಇರುತ್ವೆ. ಬುಕ್ ಮಾಡೋವಾಗ ಒಂದೇ ಪ್ರಶ್ನೆ ಕೇಳಿ, ಟ್ರೈಪಾಡ್ ಬಿಡ್ತೀರಾ? ಇಲ್ಲ ಅಂದ್ರೆ ಆ ಟೂರ್ ನಿಮಗಲ್ಲ.

ಫ್ರಾನ್ಸಲ್ಲಿ ಮೋತ್ ಷಾಂದನಿಯೆ ಅಂತ ಒಂದು ಕೋಟೆ ಇದೆ, 1932ರಲ್ಲಿ ಬೆಂಕಿ ಬಿದ್ದು ಸೂರು ಹೋಯ್ತು, ಸುತ್ತ ನೀರು ಒಳಗೆ ಕಾಡು. 2017ರಲ್ಲಿ ಇಂಟರ್ನೆಟ್ಟಲ್ಲಿ ಸಾವಿರಾರು ಜನ ತಲಾ 50 ಯೂರೋ, ಅದಕ್ಕೂ ಜಾಸ್ತಿ ಹಾಕಿ ಅದನ್ನ ಕೊಂಡ್ಕೊಂಡ್ಬಿಟ್ರು, ಉಳೀತು. ಬೆಲ್ಜಿಯಂನ ಶಾತೋ ಮಿರಾಂಡಾಗೆ ಆ ಅದೃಷ್ಟ ಇರ್ಲಿಲ್ಲ, ಇಡೀ ಯುರೋಪಿನ ಫೋಟೋಗ್ರಾಫರ್‌ಗಳು ಕದ್ದು ನುಗ್ಗಿ ತೆಗೆದ ಬಂಗಲೆ ಅದು, 2016ರಲ್ಲಿ ಕೆಡವೋಕೆ ಶುರು ಮಾಡಿ ಮುಂದಿನ ವರ್ಷ ಪೂರ್ತಿ ನೆಲಸಮ. ಇವತ್ತಿಗೂ ‘ನೋಡಲೇಬೇಕಾದ ಜಾಗ’ ಲಿಸ್ಟಲ್ಲಿ ಅದರ ಹೆಸರು ಬರತ್ತೆ, ಅಷ್ಟ್ರ ಮೇಲೆ ಆ ಲಿಸ್ಟು ಮಾಡೋರು ಎಷ್ಟು ಜಾಗ ನೋಡಿದಾರೆ ಅಂತ ಲೆಕ್ಕ ಹಾಕ್ಕೊಳ್ಳಿ. ಹೊರಡೋ ಮುಂಚೆ ಮ್ಯಾಪಲ್ಲಿ ಈಚಿನ ಸ್ಯಾಟಲೈಟ್ ಫೋಟೋ ನೋಡಿ, ಸೂರು ಇದೆಯಾ, ಸುತ್ತ ಕ್ರೇನ್ ಇದೆಯಾ ಅಂತ.

ಪೋಲೆಂಡಿನ ಲೋವರ್ ಸೈಲೀಷಿಯಾದಲ್ಲೂ ಹಳ್ಳಿ ಹಳ್ಳಿಗೆ ಪಾಳು ಅರಮನೆ. 1945ರಲ್ಲಿ ಗಡಿ ಬದಲಾಗಿ, ಅಲ್ಲೀವರೆಗೆ ಜರ್ಮನಿದಾಗಿದ್ದ ಈ ಪ್ರದೇಶ ಪೋಲೆಂಡಿಗೆ ಸೇರಿ, ಜರ್ಮನ್ ಜಮೀನ್ದಾರರು ಹೋಗ್ಬೇಕಾಯ್ತು, ಎಷ್ಟೋ ಅರಮನೆ ಸರ್ಕಾರಿ ಫಾರ್ಮಿನ ಆಫೀಸು, ಗೋಡೌನ್ ಆಯ್ತು, ಕಮ್ಯುನಿಸ್ಟ್ ಸರ್ಕಾರ ಬಿದ್ಮೇಲೆ ಅದೂ ಇಲ್ಲ. ಇಂಥ ಕಡೆ ಹೊಸ ಓನರ್‌ಗೆ ಒಂದು ಮೇಲ್ ಹಾಕಿ. ನೀವ್ಯಾರು, ಯಾವ ದಿನ, ಎಷ್ಟು ಹೊತ್ತು, ಫೋಟೋ ಯಾಕೆ, ಏಟಾದ್ರೆ ಜವಾಬ್ದಾರಿ ನಂದೇ, ತೆಗೆದಿದ್ದೆಲ್ಲ ನಿಮಗೂ ಕಳಿಸ್ತೀನಿ, ಇಷ್ಟು ಸಾಕು, ಅವರ ಭಾಷೇಲೇ ಬರೀರಿ. ರಿಪೇರಿಗೆ ದುಡ್ಡು ಹೊಂದಿಸ್ತಿರೋ ಓನರ್‌ಗೆ ಒಳ್ಳೆ ಫೋಟೋ ಬೇಕೇ ಬೇಕು, ಆ ಕೊನೇ ಲೈನಿಗೇ ಒಪ್ಕೊಳ್ಳೋ ಚಾನ್ಸ್ ಜಾಸ್ತಿ.

ಒಳಗೆ ಹೋದ್ಮೇಲೆ ಕ್ಯಾಮೆರಾ ಬ್ಯಾಗಲ್ಲೇ ಇರ್ಲಿ, ಮೊದಲು ನೆಲ ನೋಡಿ. ಮರದ ನೆಲ ಮಧ್ಯದಲ್ಲೇ ಕುಸಿಯೋದು, ತೊಲೆ ಗೋಡೆ ಮೇಲೆ ಕೂತಿರತ್ತಲ್ಲ, ಅದಕ್ಕೆ ಗೋಡೆ ಪಕ್ಕನೇ ನಡೀರಿ, ಮೆಟ್ಟಿಲಲ್ಲೂ ಗೋಡೆ ಕಡೆಗೇ ಕಾಲಿಡಿ. ನೆಲ ಮೆತ್ತಗೆ ಅನ್ಸಿದ್ರೆ, ಮೇಲೆ ಸೂರಲ್ಲಿ ತೂತಿದ್ರೆ, ಆ ರೂಮು ಬೇಡ, ಬಾಗಿಲಲ್ಲೇ ನಿಂತು ತೆಗೀರಿ. ಪಾರಿವಾಳದ ಹಿಕ್ಕೆ, ಬೂಷ್ಟು, ಹಳೇ ಪೈಪಿಗೆ ಸುತ್ತಿರೋ ಆಸ್ಬೆಸ್ಟಾಸ್ ಇರುತ್ವೆ, ಬಟ್ಟೆ ಮಾಸ್ಕ್ ಸಾಲಲ್ಲ, ಸಣ್ಣ ಧೂಳನ್ನೂ ತಡೆಯೋ ಎಫ್‌ಎಫ್‌ಪಿ 3 ಮಾಸ್ಕ್ ಹಾಕ್ಕೊಳ್ಳಿ. ಒಬ್ಬರೇ ಹೋಗ್ಬೇಡಿ. ಎಮರ್ಜೆನ್ಸಿ ನಂಬರ್ 112.

ಈಗ ಫೋಟೋ. ತೊಂದರೆ ಯಾವಾಗ್ಲೂ ಒಂದೇ, ಕಿಟಕಿ ಬೆಳ್ಳಗೆ ಸುಟ್ಟೋಗತ್ತೆ, ಮೂಲೆ ಕತ್ತಲು. ಬಿಸಿಲು ಬೇಡ, ಮೋಡ ಮುಚ್ಚಿದ ದಿನ ಹೋಗಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಟ್ರೈಪಾಡ್ ಎದೆ ಎತ್ತರಕ್ಕೆ, ಕ್ಯಾಮೆರಾ ಪೂರ್ತಿ ಸಮ ಇರ್ಲಿ, ಮೇಲೆ ಕೆಳಗೆ ವಾಲಿಸಿದ್ರೆ ಗೋಡೆಗಳೆಲ್ಲ ಸೊಟ್ಟಗಾಗತ್ತೆ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸ್ಬೇಕು ಅನ್ನೋ ಸೆಟ್ಟಿಂಗು) 100, ಲೆನ್ಸಿನ ಕಿಂಡಿ ಎಫ್ 8, ಕ್ಯಾಮೆರಾ ಕುಗ್ಗಿಸದೆ ಕೊಡೋ ರಾ ಫೈಲು, ಬ್ರಾಕೆಟಿಂಗ್ (ಒಂದೇ ದೃಶ್ಯನ ಬೇರೆ ಬೇರೆ ಬೆಳಕಲ್ಲಿ ಸಾಲಾಗಿ ತೆಗೆಯೋದು) ಆನ್ ಮಾಡಿ 2 ಸ್ಟಾಪ್, ಅಂದ್ರೆ ನಾಲ್ಕು ಪಟ್ಟು ಬೆಳಕಿನ ಅಂತರದಲ್ಲಿ 3 ಇಲ್ಲಾ 5 ಶಾಟ್, 2 ಸೆಕೆಂಡ್ ಟೈಮರ್ ಹಾಕಿ ಕೈ ತೆಗೀರಿ. ಕತ್ತಲೆ ರೂಮಲ್ಲಿ ಒಂದು ಶಾಟ್ 8 ಸೆಕೆಂಡ್ ಹೋಗತ್ತೆ, ಅಷ್ಟರಲ್ಲಿ ಪಕ್ಕದೋನು ಆ ಮರದ ನೆಲದ ಮೇಲೆ ಒಂದು ಹೆಜ್ಜೆ ಇಟ್ರೂ ಸಾಕು ಟ್ರೈಪಾಡ್ ಅಲ್ಲಾಡಿ ಫೋಟೋ ಹಾಳು, ಸೋ ‘ಅಲ್ಲಾಡ್ಬೇಡ ಮಾರಾಯ’ ಅಂತ ಮೊದಲೇ ಹೇಳ್ಬಿಡಿ. ಮನೇಲಿ ಕೂತು ಶಾಟ್‌ಗಳನ್ನ ಸೇರಿಸೋವಾಗ ಕೈ ಹಿಡಿತದಲ್ಲಿರ್ಲಿ, ಸ್ಲೈಡರ್ ಎಳೆದೂ ಎಳೆದೂ ಗೋಡೆನ ಗಣಪತಿ ಪೆಂಡಾಲಿನ ಲೈಟಿಂಗ್ ಥರ ಮಾಡಿಟ್ಟಿರೋ ಫೋಟೋಗಳು ಈಗಾಗ್ಲೇ ಬೇಕಾದಷ್ಟಿವೆ, ಕತ್ತಲೆ ಸ್ವಲ್ಪ ಕತ್ತಲೆಯಾಗೇ ಉಳೀಲಿ.

ಸುರುಳಿ ಮೆಟ್ಟಿಲಿಗೆ ಕ್ಯಾಮೆರಾನ ನಟ್ಟನಡುವೆ ನೆಲದ ಮೇಲೆ ಅಂಗಾತ ಮಲಗಿಸಿ ಟೈಮರ್ ಹಾಕಿ ಪಕ್ಕಕ್ಕೆ ಹೋಗಿ. ಫೋನೇ ಇರೋದು ಅಂದ್ರೂ ಚಿಂತಿಲ್ಲ, ಅಲ್ಟ್ರಾವೈಡ್ ಬಿಟ್ಟು ಮೇನ್ ಲೆನ್ಸಲ್ಲೇ ತೆಗೀರಿ, ಸ್ಕ್ರೀನಲ್ಲಿ ಕಿಟಕಿ ಮೇಲೆ ಒತ್ತಿ ಹಿಡಿದು ಬೆಳಕು ಲಾಕ್ ಮಾಡ್ಕೊಳ್ಳಿ. ಕುರ್ಚಿ, ಗೊಂಬೆ, ಹಳೇ ಶೂ ಎತ್ತಿ ಕಿಟಕಿ ಹತ್ರ ಜೋಡಿಸೋ ಚಾಳಿ ಮಾತ್ರ ದಯವಿಟ್ಟು ಬೇಡ, ನೋಡಿದ ತಕ್ಷಣ ಗೊತ್ತಾಗತ್ತೆ.

ಪೋಸ್ಟ್ ಮಾಡೋ ಮುಂಚೆ ಫೈಲಿಂದ ಜಿಪಿಎಸ್ ಡೀಟೇಲ್ಸ್ ತೆಗೀರಿ, ಟಿಕೆಟ್ ಇಲ್ಲದ, ಕಾವಲು ಇಲ್ಲದ ಜಾಗದ ಹೆಸರಂತೂ ಹಾಕ್ಲೇಬೇಡಿ, ನಿಮ್ಮ ಹಿಂದೆ ಬರೋರಲ್ಲಿ ತಾಮ್ರದ ಪೈಪ್ ಕೀಳೋರೂ ಇರ್ತಾರೆ. ಪ್ರಿಂಟ್ ಮಾರೋ ಯೋಚನೆ ಇದ್ರೆ ಇನ್ನೊಂದು, ಜರ್ಮನಿಲಿ ರಸ್ತೆಯಿಂದ ಕಾಣೋ ಕಟ್ಟಡದ ಫೋಟೋ ತೆಗೆದು ಮಾರಬಹುದು, ಆದ್ರೆ ಅವರ ಜಾಗದೊಳಗೆ ನಿಂತು ತೆಗೆದಿದ್ದನ್ನ ಮಾರೋಕೆ ಓನರ್ ಒಪ್ಪಿಗೆ ಬೇಕು, 2010ರಲ್ಲಿ ಪ್ರಷ್ಯಾ ಅನ್ನೋ ಹಳೇ ಜರ್ಮನ್ ರಾಜ್ಯದ ಅರಮನೆಗಳನ್ನ ನೋಡ್ಕೊಳ್ಳೋ ಟ್ರಸ್ಟ್ ಹಾಕಿದ್ದ ಕೇಸಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ಕೋರ್ಟ್ ಹೀಗೇ ಹೇಳಿದೆ. ಓನರ್‌ಗೆ ಮೇಲ್ ಹಾಕೋವಾಗ್ಲೇ ಈ ಒಂದು ಲೈನೂ ಸೇರಿಸಿ ಕೇಳ್ಬಿಡಿ.