1:48ರ ಹಿಯೆನ್ ಮೇಲೆ ಹೇರ್‌ಸ್ಪ್ರೇ ಚಕ್ಕೆ: ನನ್ನ ಅನುಭವ

ಪ್ಲಾಸ್ಟಿಕ್ ಮಾಡೆಲ್‌ನ ಬೆಳ್ಳಿ ಬಣ್ಣದ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಇನ್ನೊಂದು ಬಣ್ಣ ಹೊಡೆದು ನೀರು ಸವರಿದರೆ, ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಚಕ್ಕೆಯಾಗಿ ಏಳುತ್ತದೆ, ಅಡಿಯ ಬೆಳ್ಳಿ ಸವೆದ ಲೋಹದಂತೆ ಕಾಣುತ್ತದೆ. ಹೀಗೆ ಬಣ್ಣ ಎಬ್ಬಿಸುವುದು ಟ್ಯಾಂಕ್ ಮಾಡೆಲ್ ಕಟ್ಟುವವರಿಗೆ ಸರಿ, ವಿಮಾನಕ್ಕೆ ಒಗ್ಗುವುದಿಲ್ಲ ಎಂಬ ಮಾತನ್ನು ಕೇಳದ ಮಾಡೆಲರ್ ಇಲ್ಲ. 1:48ರಲ್ಲಿ (ನಿಜ ವಿಮಾನದ 48ನೇ ಒಂದು ಪಾಲಿನ ಅಳತೆ) ಚಕ್ಕೆ ವಿಪರೀತ ದೊಡ್ಡದಾಗುತ್ತದೆ, ಅಡಿಯ ಬೆಳ್ಳಿಯೂ ಜೊತೆಗೇ ಕಿತ್ತು ಬರುತ್ತದೆ, ಮೇಲೆ ಟೇಪ್ ಅಂಟಿಸಿದರಂತೂ ಕೆಲಸ ಕೆಟ್ಟಂತೆಯೇ. ಆಕ್ಷೇಪ ಈ ಮೂರೇ, ಮೂರಕ್ಕೂ ಈಗ ಉತ್ತರವಿದೆ. ಕೆಳಗಿನ ಕ್ರಮದಲ್ಲಿ ನಾಲ್ಕು ಜಪಾನಿ ಫೈಟರ್‌ಗಳು ಮುಗಿದಿವೆ. ಕೊನೆಯದು ತಮಿಯಾದ 1:48ರ ಕಾವಾಸಾಕಿ ಕಿ-61 ಹಿಯೆನ್. ಅದರ ಮೇಲೆ ಕುಂಚದಿಂದ ಇಟ್ಟ ಬೆಳ್ಳಿ ಚುಕ್ಕೆ ಒಂದೂ ಇಲ್ಲ. ಕಾಣುವ ಲೋಹವೆಲ್ಲ ಅಡಿಯಿಂದ ಬಂದದ್ದೇ.

ಹಿಯೆನ್ ಆರಿಸಿದ್ದಕ್ಕೆ ಕಾರಣವಿದೆ. 1943ರಲ್ಲಿ ನ್ಯೂಗಿನಿಯ ವೆವಾಕ್ ಕಡೆ ಹಾರಿದ 68 ಮತ್ತು 78ನೇ ಸೆಂತಾಯ್‌ಗಳ (ಜಪಾನ್ ಸೇನೆಯ ವಿಮಾನ ದಳಗಳು) ಎಷ್ಟೋ ವಿಮಾನಗಳ ಮೇಲಿನ ಹಸಿರು ಮಚ್ಚೆ ಕಾರ್ಖಾನೆಯದಲ್ಲ. ಬರಿಯ ಅಲ್ಯೂಮಿನಿಯಂ ಮೇಲೆ ಆಮೇಲೆ ಹೊಡೆದದ್ದು, ಅಡಿಗೆ ಪ್ರೈಮರ್ ಇಲ್ಲ. ಬಿಸಿಲು, ಮಳೆ, ಬೂಟುಗಾಲು ಸೇರಿ ಅದನ್ನು ಬೇಗ ಎಬ್ಬಿಸಿದವು. ಅಂದರೆ ಈ ವಿಮಾನದಲ್ಲಿ ಬಣ್ಣವೇ ಲೋಹದ ಮೇಲೆ ತಾತ್ಕಾಲಿಕವಾಗಿ ಕೂತಿತ್ತು. ನಾವು ಮಾಡಬೇಕಾದದ್ದೂ ಅದನ್ನೇ.

ಇದಕ್ಕೆ ಮೊದಲು ಮಾಡಿ ನೋಡಿದ್ದು ಹಲವು. ಸ್ಪಂಜಿನಿಂದ ಬೆಳ್ಳಿ ಒತ್ತಿದರೆ ದೂರಕ್ಕೆ ಚೆನ್ನ, ಹತ್ತಿರ ಹಿಡಿದರೆ ಹಸಿರಿನ ಮೇಲೆ ಬೆಳ್ಳಿ ಉಬ್ಬಿ ನಿಂತಿರುತ್ತದೆ. ಚಕ್ಕೆ ಎಂದರೆ ತಗ್ಗು, ಉಬ್ಬಲ್ಲ. ಫೋಟೋದಲ್ಲಿ ಅದು ಮೊದಲು ಗೊತ್ತಾಗುತ್ತದೆ. ಉಪ್ಪಿನ ಹರಳು ಉದುರಿಸುವ ವಿಧಾನದಲ್ಲಿ ಆಕಾರ ಸಹಜ, ಆದರೆ ಎಲ್ಲಿ ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ಜೊತೆಗೆ ಹರಳಿನ ಸುತ್ತ ಬಣ್ಣ ದಪ್ಪವಾಗಿ ನಿಲ್ಲುತ್ತದೆ. ದ್ರವ ಮಾಸ್ಕ್ ಅಂಚಿನಲ್ಲಿ ಗೋಡೆ ಕಟ್ಟುತ್ತದೆ. ಟೂತ್‌ಪೇಸ್ಟ್ ಕೂಡ ಹಾಗೆಯೇ, ಆದರೆ ಅಗ್ಗ. ಸಿದ್ಧ ಚಿಪ್ಪಿಂಗ್ ದ್ರವ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದರ ಒಂದು ಪುಟ್ಟ ಬಾಟಲಿಯ ದುಡ್ಡಿಗೆ ಹೇರ್‌ಸ್ಪ್ರೇಯ ದೊಡ್ಡ ಡಬ್ಬಿಯೇ ಬರುತ್ತದೆ, ಒಂದು ಡಬ್ಬಿ ಅಂದಾಜು ಮೂವತ್ತು ಮಾಡೆಲ್‌ಗೆ ಸಾಕು. ಈ ಪ್ರಯೋಗಗಳಲ್ಲಿ ಎರಡು ಕಿಟ್ ಪೂರ್ತಿ ಹಾಳು, ಮೂರನೆಯದರ ರೆಕ್ಕೆ ಮಾತ್ರ ಉಳಿಯಿತು. ಆ ರೆಕ್ಕೆ ಈಗ ಪರೀಕ್ಷೆಯ ಹಲಗೆ. ಅದಿಲ್ಲದವರು ಪ್ಲಾಸ್ಟಿಕ್ ಚಮಚದ ಬೆನ್ನು ಬಳಸಿ, ಬಾಗು ಮೈ ಇರುವುದರಿಂದ ಕಾಕ್‌ಪಿಟ್ ಪಕ್ಕದ ಮೈಗೆ ಸರಿಹೊಂದುತ್ತದೆ.

ಕೆಲಸಕ್ಕೆ ಮುಂಚೆ ಒಂದು ಲೆಕ್ಕ ತಲೆಯಲ್ಲಿರಲಿ. 1:48ರಲ್ಲಿ 1 ಮಿ.ಮೀ. ಚಕ್ಕೆ ಎಂದರೆ ನಿಜ ವಿಮಾನದ ಮೇಲೆ 48 ಮಿ.ಮೀ., ಸುಮಾರು ಎರಡು ಅಂಗುಲ. 1:72ರಲ್ಲಿ 72 ಮಿ.ಮೀ. ಹಾಗಾಗಿ ಹೆಚ್ಚಿನ ಚಕ್ಕೆಗಳು 0.3 ಮಿ.ಮೀ. ಒಳಗಿರಬೇಕು, ರೆಕ್ಕೆಯ ಬುಡದಂಥ ಜಾಗದಲ್ಲಿ ಮಾತ್ರ ಅಂಗೈಯಗಲ ಬಣ್ಣ ಹೋಗಿರುವುದನ್ನು ತೋರಿಸಬಹುದು. ಚಕ್ಕೆಯ ಗಾತ್ರವನ್ನು ನಿರ್ಧರಿಸುವುದು ಬ್ರಷ್ ಅಲ್ಲ, ಮೇಲಿನ ಬಣ್ಣದ ದಪ್ಪ. ದಪ್ಪ ಪದರ ಹಾಳೆಯಂತೆ ಏಳುತ್ತದೆ, ತೆಳು ಪದರ ಪುಡಿಯಾಗಿ ಹೋಗುತ್ತದೆ. ಟ್ಯಾಂಕಿನವರು ಹೊಡೆಯುವಷ್ಟು ಬಣ್ಣ ಹೊಡೆದು ವಿಮಾನಕ್ಕೆ ಒಗ್ಗಲಿಲ್ಲ ಎಂದರೆ ತಪ್ಪು ವಿಧಾನದ್ದಲ್ಲ.

ಈಗ ಅಡಿಯ ಬೆಳ್ಳಿ. ಜೋಡಣೆಯ ಗೆರೆಗಳಿಗೆ ಪುಟ್ಟಿ ಬೇಡ, ಸೂಪರ್ ಗ್ಲೂ ಹಾಕಿ ಒಂದು ಗಂಟೆಯೊಳಗೆ ಉಜ್ಜಿ. ರಾತ್ರಿ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜುವಾಗ ಪಕ್ಕದ ಪ್ಲಾಸ್ಟಿಕ್ ತಗ್ಗು ಬೀಳುತ್ತದೆ. ಉಜ್ಜುವ ಕಾಗದದಲ್ಲಿ 600, 1000, 2000 ಹೀಗೆ ಏರುತ್ತ ಹೋಗಿ. ಹೊಳೆಯುವ ಕಪ್ಪು ಲ್ಯಾಕರ್, ಎರಡು ಮಂಜಿನಂಥ ಕೋಟ್, ಒಂದು ಒದ್ದೆ ಕೋಟ್, ಎರಡು ದಿನ ಒಣಗಲಿ. ಅದರ ಮೇಲೆ ಲ್ಯಾಕರ್ ಬೆಳ್ಳಿ, ಸುಮಾರು 12ರಿಂದ 15 ಪಿಎಸ್‌ಐ ಒತ್ತಡದಲ್ಲಿ ನಾಲ್ಕೈದು ತೆಳು ಸುತ್ತು. ಆಲ್‌ಕ್ಲಾಡ್ ಆಗಬಹುದು, ಮಿಸ್ಟರ್ ಕಲರ್ ಸೂಪರ್ ಮೆಟಾಲಿಕ್ ಆಗಬಹುದು, ಅಕ್ರಿಲಿಕ್ ಬೆಳ್ಳಿ ಮಾತ್ರ ಆಗದು. ಬೆಳ್ಳಿ ಕಿತ್ತು ಬಂತು ಎನ್ನುವವರಲ್ಲಿ ಬಹಳ ಮಂದಿ ಅಕ್ರಿಲಿಕ್ ಬೆಳ್ಳಿ ಹೊಡೆದಿರುತ್ತಾರೆ, ಇಲ್ಲವೇ ಮುಂದಿನ ಹೆಜ್ಜೆ ಬಿಟ್ಟಿರುತ್ತಾರೆ. ಅದು ಲ್ಯಾಕರ್ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲ್ಯಾಕರ್. ಮಿಸ್ಟರ್ ಕಲರ್‌ನ ಜಿಎಕ್ಸ್100 ಕ್ಲಿಯರ್ ಒಂದು ಪಾಲು, ಲೆವೆಲಿಂಗ್ ಥಿನ್ನರ್ ಎರಡು ಪಾಲು, ಒಂದೇ ತೆಳು ಕೋಟ್. ಬೆಳ್ಳಿಯ ಹೊಳಪು ಸ್ವಲ್ಪ ತಗ್ಗುತ್ತದೆ, ತಗ್ಗಲಿ. ನ್ಯೂಗಿನಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ವಿಮಾನ ನಮಗೆ ಬೇಕಿಲ್ಲ. ಎಲ್ಲ ಪ್ಯಾನೆಲ್‌ಗಳೂ ಒಂದೇ ಬೆಳ್ಳಿ ಇದ್ದರೆ ಆಟಿಕೆಯಂತಾಗುತ್ತದೆ. ಕ್ಲಿಯರ್‌ಗೆ ಮುಂಚೆ ನಾಲ್ಕಾರು ಪ್ಯಾನೆಲ್ ಮುಚ್ಚಿ ಒಂದು ಹನಿ ಕಪ್ಪು ಬೆರೆಸಿದ ಬೆಳ್ಳಿ ಹೊಡೆಯಿರಿ.

ಹೇರ್‌ಸ್ಪ್ರೇಯಲ್ಲಿ ಅಗ್ಗದ, ಗಟ್ಟಿ ಹಿಡಿತದ ಬಗೆಯೇ ಒಳ್ಳೆಯದು. ಕೂದಲು ನುಣುಪು ಮಾಡುವ ಎಣ್ಣೆ ಅಂಶ ಇರುವುದರ ಮೇಲೆ ಬಣ್ಣ ಹನಿಹನಿಯಾಗಿ ಒಡೆಯುತ್ತದೆ. ಡಬ್ಬಿಯಿಂದ ನೇರ ಹೊಡೆದರೆ ದಪ್ಪ ಹನಿಗಳು ಬೀಳುತ್ತವೆ, ಅದೇ ದೊಡ್ಡ ಚಕ್ಕೆಗೆ ಎರಡನೇ ಕಾರಣ. ಗಾಜಿನ ಬಾಟಲಿಗೆ ಇಳಿಸಿ, ಮುಚ್ಚಳ ತೆರೆದು ಹದಿನೈದು ನಿಮಿಷ ಬಿಡಿ, ಒಳಗಿನ ಗ್ಯಾಸ್ ಹೋಗಲಿ. ಗುಳ್ಳೆ ನಿಲ್ಲದೆ ಏರ್‌ಬ್ರಷ್‌ಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಸುರಿದರೆ ಕಪ್‌ನಿಂದ ಉಕ್ಕುತ್ತದೆ. ಬೆಂಕಿ ಹತ್ತುವ ವಸ್ತು, ಕಿಟಕಿ ತೆರೆದಿರಲಿ. 0.3 ನಳಿಕೆ, 20 ಪಿಎಸ್‌ಐ, ಎರಡು ತೆಳು ಕೋಟ್, ನಡುವೆ ಹತ್ತು ನಿಮಿಷ. ದಪ್ಪವಾದರೆ ಮೇಲಿನ ಬಣ್ಣ ಒಣಗಿದ ಕೆರೆಯಂತೆ ಬಿರುಕು ಬಿಡುತ್ತದೆ. ಬಾಟಲಿಗೆ ಇಳಿಸಿದ ಮೇಲೆ ನಾನು ಇನ್ನೊಂದು ವಸ್ತುವನ್ನು ಕೆಲವು ಹನಿ ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಿಲ್ಲದೆಯೂ ಇಲ್ಲಿ ಹೇಳಿದ್ದೆಲ್ಲ ನಡೆಯುತ್ತದೆ.

ಟೇಪಿನ ಸಮಸ್ಯೆಗೆ ಉತ್ತರ ಇಷ್ಟೇ: ಒಂದೇ ಸುತ್ತಿನಲ್ಲಿ ಮುಗಿಸಬೇಡಿ, ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಗುರುತುಗಳು ಮಾತ್ರ. ಹಿನೊಮಾರು (ಜಪಾನಿನ ಕೆಂಪು ವೃತ್ತ), ಹಿಂಬದಿಯ ಬಿಳಿ ಪಟ್ಟಿ, ರೆಕ್ಕೆಯ ಮುಂದಿನ ಅಂಚಿನ ಹಳದಿ, ಮೂಗಿನ ಮೇಲಿನ ಕಪ್ಪು. ಇವು ಒಂದಕ್ಕೊಂದು ತಾಗುವಲ್ಲಿ ಮಾತ್ರ ಟೇಪ್ ಬಣ್ಣದ ಮೇಲೆ ಕೂರುತ್ತದೆ, ಉಳಿದೆಡೆ ಬರಿ ಬೆಳ್ಳಿಯ ಮೇಲೆ. ಟೇಪನ್ನು ಅಂಗೈಗೆ ನಾಲ್ಕು ಸಲ ಒತ್ತಿ ಅಂಟು ಇಳಿಸಿಕೊಳ್ಳಿ. ಕೆಂಪನ್ನು ನೇರ ಬೆಳ್ಳಿಯ ಮೇಲೆ ಹೊಡೆದರೆ ಕಂದು ತಿರುಗುತ್ತದೆ, ಮುಚ್ಚಲು ಹೋದಷ್ಟೂ ದಪ್ಪವಾಗುತ್ತದೆ; ಮೊದಲು ತೆಳು ಗುಲಾಬಿ, ಮೇಲೆ ಕೆಂಪು. ಅಲ್ಲಲ್ಲಿ ಸ್ವಲ್ಪವೇ ಎಬ್ಬಿಸಿ, ಒಣಗಿಸಿ, ಲ್ಯಾಕರ್ ಕ್ಲಿಯರ್ ಹೊಡೆಯಿರಿ. ಮೊದಲ ಎರಡು ಕೋಟ್ ಮಂಜಿನಷ್ಟು, ಇಲ್ಲವಾದರೆ ಲ್ಯಾಕರ್ ಅಡಿಯ ಅಕ್ರಿಲಿಕ್ಕನ್ನು ಕಚ್ಚುತ್ತದೆ. ಈಗ ಇದರ ಮೇಲೆ ಟೇಪ್ ಹೇಗೆ ಅಂಟಿಸಿದರೂ ಏನೂ ಕಿತ್ತು ಬರುವುದಿಲ್ಲ. ಗುರುತುಗಳನ್ನು ಮುಚ್ಚಿ ಎರಡನೇ ಬಾರಿ ಹೇರ್‌ಸ್ಪ್ರೇ, ಅದರ ಮೇಲೆ ಹಸಿರು. ಗುರುತುಗಳಿಗೆ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಬಳಸುವ ಆಲೋಚನೆ ಬಿಡಿ. ಡೆಕಾಲ್ ಬಣ್ಣದಂತೆ ಏಳುವುದಿಲ್ಲ, ಅದರ ನೀರು ಅಡಿಯ ಹೇರ್‌ಸ್ಪ್ರೇಯನ್ನು ಕರಗಿಸಿ ಗುಳ್ಳೆ ಎಬ್ಬಿಸುತ್ತದೆ. ಸಣ್ಣ ಅಕ್ಷರಗಳನ್ನು ಎಲ್ಲ ಮುಗಿದು ಕ್ಲಿಯರ್ ಬಿದ್ದ ಮೇಲೆ ಅಂಟಿಸಿ.

ಹಸಿರಿಗೆ ತಮಿಯಾದ ಅಕ್ರಿಲಿಕ್ ಎಕ್ಸ್‌ಎಫ್-13, ಚೂರು ಹಳದಿ ಬೆರೆಸಿ. ಏನು ಹಾಕಿ ತೆಳು ಮಾಡುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಲ್ಯಾಕರ್ ಥಿನ್ನರ್ ಹಾಕಿದರೆ ಸಿಂಪಡಣೆ ಬಹಳ ನುಣುಪು, ಆದರೆ ಬಣ್ಣ ಕಚ್ಚಿಕೊಂಡು ಏಳುವುದೇ ಇಲ್ಲ. ಬರಿ ನೀರು ಹಾಕಿದರೆ ಮುಟ್ಟಿದರೆ ಏಳುತ್ತದೆ, ಆದರೆ 2 ಮಿ.ಮೀ. ಮಚ್ಚೆ ಹೊಡೆಯಲು ಹೋದರೆ ಜೇಡದ ಕಾಲಿನಂತೆ ಹರಡುತ್ತದೆ. ತಮಿಯಾದ ಅಕ್ರಿಲಿಕ್ ಥಿನ್ನರ್ ಎಕ್ಸ್-20ಎ ಎರಡು ಪಾಲು, ನೀರು ಒಂದು ಪಾಲು, ಬಣ್ಣ ಒಂದು ಪಾಲು ಸರಿಯಾದ ಹದ. ಒತ್ತಡ ಹತ್ತಿರ ಹತ್ತಿರ 10 ಪಿಎಸ್‌ಐ, ನಳಿಕೆ ಮೈಯಿಂದ ಒಂದೂವರೆ ಸೆಂ.ಮೀ. ದೂರ. ಒದ್ದೆ ಕಾಣಿಸಿದರೆ ಕೂಡಲೇ ಕೈ ತೆಗೆಯಿರಿ. ವಾಲೆಹೊ ಬಣ್ಣವನ್ನೂ ಪರೀಕ್ಷೆಯ ರೆಕ್ಕೆಯ ಮೇಲೆ ನೋಡಿದ್ದಾಗಿದೆ; ಅದು ರಬ್ಬರಿನ ಹಾಳೆಯಂತೆ ಸುರುಳಿಯಾಗಿ ಬಂತು, 1:48ಕ್ಕೆ ಬೇಡ.

ಹಸಿರು ಬಿದ್ದ ಇಪ್ಪತ್ತು ನಿಮಿಷಕ್ಕೆ ಶುರು ಮಾಡಿ, ಒಂದು ಗಂಟೆಯೊಳಗೆ ಮುಗಿಸಿ. ರಾತ್ರಿ ಬಿಟ್ಟು ಬೆಳಿಗ್ಗೆ ಉಜ್ಜಿದರೆ ಬೆಳ್ಳಿಗೂ ಗೀರು ಬೀಳುವಷ್ಟು ಒತ್ತಬೇಕಾಗುತ್ತದೆ. ಆದ್ದರಿಂದ ಇಡೀ ವಿಮಾನಕ್ಕೆ ಒಮ್ಮೆಗೇ ಹಸಿರು ಹೊಡೆಯಬಾರದು: ಎಡ ರೆಕ್ಕೆ, ಬಲ ರೆಕ್ಕೆ, ಮೈ, ಬಾಲ, ಹೀಗೆ ನಾಲ್ಕು ಭಾಗ. ಉಗುರುಬೆಚ್ಚಗಿನ ನೀರನ್ನು ಮೆತ್ತನೆ ಕುಂಚದಲ್ಲಿ ಅಂಗುಲದಷ್ಟು ಜಾಗಕ್ಕೆ ಸವರಿ ಅರ್ಧ ನಿಮಿಷ ಕಾಯಿರಿ. ಕೂದಲು ಮೊಂಡಾಗಿ ಕತ್ತರಿಸಿದ ಹಳೆ ಕುಂಚದಿಂದ ಕುಟ್ಟಿದರೆ ಚುಕ್ಕೆ, ಎಳೆದರೆ ಗೀರು. ತಿರುಪುಗಳ ತಲೆಗೆ ಸೂಜಿ, ಪ್ಯಾನೆಲ್ ಅಂಚಿಗೆ ಹಲ್ಲುಕಡ್ಡಿ. ನೀರು ಹೆಚ್ಚಾದರೆ ಪ್ಯಾನೆಲ್ ಗೆರೆಗಳೊಳಗೆ ಓಡಿ ಬೇಡದ ಕಡೆ ಬಣ್ಣ ಸಡಿಲಿಸುತ್ತದೆ. ಹತ್ತಿಕಡ್ಡಿಯಿಂದ ಹೀರುತ್ತಲೇ ಇರಿ. ಇನ್ನೂ ಸ್ವಲ್ಪ ಬೇಕು ಅನ್ನಿಸಿದಾಗಲೇ ನಿಲ್ಲಿಸಿ, ಒದ್ದೆ ಮೈ ಮೇಲೆ ಎದ್ದದ್ದು ಪೂರ್ತಿ ಕಾಣುವುದಿಲ್ಲ. ತೀರಾ ಕೆಟ್ಟರೆ ಆ ಭಾಗದ ಹಸಿರನ್ನೆಲ್ಲ ಬೆಚ್ಚನೆ ನೀರಲ್ಲಿ ತೊಳೆದು ಮತ್ತೆ ಹೊಡೆಯಬಹುದು, ಬೆಳ್ಳಿ ಹಾಗೇ ಇರುತ್ತದೆ. ಬಲ ರೆಕ್ಕೆಗೆ ಇದನ್ನು ಎರಡು ಸಲ ಮಾಡಿದ್ದೇನೆ. ಸ್ಪಂಜು, ಉಪ್ಪು, ದ್ರವ ಮಾಸ್ಕ್ ಯಾವುದರಲ್ಲೂ ಈ ಅನುಕೂಲವಿಲ್ಲ, ಕಿಟ್ ದುಡ್ಡು ಉಳಿಯುವುದೇ ಇಲ್ಲಿ.

ಎಲ್ಲಿ ಎಬ್ಬಿಸಬಾರದು ಎಂಬುದರಲ್ಲೇ ಹೆಚ್ಚು ಮಾಡೆಲ್‌ಗಳು ಎಡವುತ್ತವೆ. ಹಿಯೆನ್‌ನ ಏಲೆರಾನ್, ಎಲಿವೇಟರ್, ರಡ್ಡರ್ (ವಿಮಾನ ತಿರುಗಿಸಲು ರೆಕ್ಕೆ ಮತ್ತು ಬಾಲದಲ್ಲಿ ಅಲುಗುವ ಭಾಗಗಳು) ಬಟ್ಟೆ ಹೊದೆಸಿದವು. ಬಟ್ಟೆಯಿಂದ ಲೋಹ ಇಣುಕುವುದಿಲ್ಲ. ಆ ಭಾಗಗಳಿಗೆ ಬೆಳ್ಳಿಯ ಬದಲು ತಿಳಿಬೂದು ಹೊಡೆದು, ಹೇರ್‌ಸ್ಪ್ರೇ ಇಲ್ಲದೆಯೇ ಹಸಿರು ಹೊಡೆಯಿರಿ. ಬೇರೆ ವಿಮಾನಕ್ಕೆ ಹೋದಾಗಲೂ ಮೊದಲು ಇದನ್ನೇ ನೋಡಬೇಕು. ಹರಿಕೇನ್‌ನ ಮೈಯ ಹಿಂಭಾಗ ಬಟ್ಟೆ. ಮೊದಲ ಕಾರ್ಸೇರ್‌ಗಳ ಹೊರರೆಕ್ಕೆ ಮುಖ್ಯ ತೊಲೆಯ ಹಿಂದೆ ಬಟ್ಟೆ, ಏಲೆರಾನ್ ಮರ. ಮೊಸ್ಕಿಟೊದ ಮೈ, ರೆಕ್ಕೆ ಎರಡೂ ಮರವೇ, ಅದರ ರೆಕ್ಕೆಯ ಮೇಲೆ ಬೆಳ್ಳಿ ಚಕ್ಕೆ ತೋರಿಸಿದ ಮಾಡೆಲ್ ಎಷ್ಟು ಅಚ್ಚುಕಟ್ಟಾಗಿದ್ದರೂ ತಪ್ಪೇ. ಹಿಯೆನ್‌ನಲ್ಲಿ ಜೋರಾಗಿ ಎಬ್ಬಿಸಬೇಕಾದದ್ದು ಎಡ ರೆಕ್ಕೆಯ ಬುಡ, ಎಂಜಿನ್ ಮುಚ್ಚಳದ ತಿರುಪುಗಳ ಸುತ್ತ, ಇಂಧನದ ಮುಚ್ಚಳಗಳು, ಗನ್ ಪ್ಯಾನೆಲ್. ರೆಕ್ಕೆಯ ತುದಿಗೆ ಹೋದಂತೆ ಕೈ ಹಗುರವಾಗಲಿ.

ಕಾಕ್‌ಪಿಟ್‌ಗೆಂದು ಕೊಂಡ ರೆಸಿನ್ ಮತ್ತು ಎಚಿಂಗ್ ಮಾಡಿದ (ಆಮ್ಲದಿಂದ ಕೊರೆದ) ತೆಳು ಲೋಹದ ಬಿಡಿಭಾಗಗಳಿಗೆ ಕಿಟ್ ಬೆಲೆಯ ಅರ್ಧದಷ್ಟು ಹೋಯಿತು. ಕ್ಯಾನಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಮುಚ್ಚಿದ ಮೇಲೆ ಸೀಟ್‌ಬೆಲ್ಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಬೆಳ್ಳಿ ಮತ್ತು ಕ್ಲಿಯರ್ ಕೊಳ್ಳಿ.

ಹಸಿರು ಮುಗಿದ ಮರುದಿನ ಮತ್ತೆ ತೆಳು ಲ್ಯಾಕರ್ ಕ್ಲಿಯರ್, ಆಮೇಲಷ್ಟೇ ವಾಶ್, ಅಂದರೆ ಗೆರೆಗಳಿಗೆ ಇಳಿಯಲು ಬಿಡುವ ನೀರಾದ ಬಣ್ಣ. ಪ್ಯಾನೆಲ್ ಗೆರೆಗಳಿಗೆ ಕಪ್ಪಿಗಿಂತ ಗಾಢ ಕಂದು ಎನಾಮೆಲ್ ಮೇಲು, ಬೆಳ್ಳಿಯ ಮೇಲೆ ಕಪ್ಪು ಚಿತ್ರದ ಗೆರೆಯಂತೆ ಕಾಣುತ್ತದೆ. ಲ್ಯಾಂಡಿಂಗ್ ಗೇರ್ ಬಿಗಿಯಾಗಿ ಕೂತಿರುವ ಕಡೆ ಎನಾಮೆಲ್ ಥಿನ್ನರ್ ನಿಲ್ಲಲು ಬಿಡಬೇಡಿ, ಒತ್ತಡದಲ್ಲಿರುವ ಪ್ಲಾಸ್ಟಿಕ್ ಒಂದೆರಡು ದಿನದಲ್ಲಿ ಸೀಳುತ್ತದೆ. ಕೊನೆಯ ಕೋಟ್ ಇಡೀ ವಿಮಾನಕ್ಕೆ ಮ್ಯಾಟ್ ಹೊಡೆದರೆ ಇಷ್ಟು ಕಷ್ಟಪಟ್ಟು ಹೊರತೆಗೆದ ಲೋಹ ಬೂದುಬಣ್ಣಕ್ಕೆ ತಿರುಗುತ್ತದೆ. ಬಟ್ಟೆಯ ಭಾಗಗಳಿಗೆ ಮತ್ತು ಮೂಗಿನ ಕಪ್ಪಿಗೆ ಮಾತ್ರ ಮ್ಯಾಟ್, ಉಳಿದದ್ದಕ್ಕೆ ಅರೆಹೊಳಪು.