ಮೂರನೇ ಸಿಲಿಂಡರ್ ಮಿಸ್ಸಿಂಗ್: ಕಾಯಿಲ್ ಅಲ್ಲ, ಗ್ಯಾಸ್ಕೆಟ್

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಐಡ್ಲಿಂಗಿನಲ್ಲಿ ನಡುಕ, ಸ್ಕ್ಯಾನರಿನಲ್ಲಿ ಪಿ0303. ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ (ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ) ಎಂದಷ್ಟೇ ಈ ಕೋಡ್ ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ಇಂಥ ಎಂಜಿನ್‌ನಲ್ಲಿ ಕ್ರ್ಯಾಂಕ್ 180 ಡಿಗ್ರಿ ತಿರುಗಿದಾಗಲೆಲ್ಲ ಒಂದು ಪವರ್ ಸ್ಟ್ರೋಕ್ ಬರಬೇಕು. ಯಾರ ಸರದಿಯಲ್ಲಿ ವೇಗ ಕುಸಿಯಿತು ಎಂಬುದನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್‌ನಿಂದ ಲೆಕ್ಕ ಹಾಕುತ್ತದೆ.

2 ಮತ್ತು 3ನೇ ಸಿಲಿಂಡರಿನ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಭಾಗ) ಅದಲುಬದಲು ಮಾಡಿದೆ. ತಪ್ಪು ಕಾಯಿಲ್‌ನದಾಗಿದ್ದರೆ ಕೋಡ್ ಪಿ0302 ಆಗಬೇಕಿತ್ತು, ಆಗಲಿಲ್ಲ. ಪ್ಲಗ್ ಅದಲುಬದಲು ಮಾಡಿದರೂ ಅದೇ. ಇಷ್ಟು ನೋಡದೆ ಹೊಸ ಕಾಯಿಲ್ ಸೆಟ್ ಕೊಳ್ಳುವುದು ದಂಡ.

ಸುಳಿವು ಸಿಕ್ಕಿದ್ದು ಲೈವ್ ಡೇಟಾದಲ್ಲಿ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಇಂಧನದಲ್ಲಿ ಮಾಡುವ ಹೊಂದಾಣಿಕೆ; + ಎಂದರೆ ಹೆಚ್ಚುವರಿ ಇಂಧನ) ಐಡ್ಲಿಂಗಿನಲ್ಲಿ +18%, 2,500 ಆರ್‌ಪಿಎಂನಲ್ಲಿ +4%. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ನಿರ್ವಾತ ಹೆಚ್ಚು. ಬಿರುಕಿದ್ದರೆ ಏರ್‌ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗದ ಕಳ್ಳಗಾಳಿ ನುಗ್ಗುತ್ತದೆ. ಆದರೂ ಟ್ರಿಮ್ ಒಂದನ್ನೇ ನಂಬಬಾರದು: ಮಿಸ್ ಹೊಡೆದಾಗ ಉರಿಯದೆ ಉಳಿದ ಆಮ್ಲಜನಕವೂ ಆಕ್ಸಿಜನ್ ಸೆನ್ಸರನ್ನು ದಾರಿ ತಪ್ಪಿಸುತ್ತದೆ.

ಹಾಗಾಗಿ ಎಂಜಿನ್ ಆರಿಸಿ ಸ್ಮೋಕ್ ಟೆಸ್ಟ್: ಇನ್‌ಟೇಕ್ ಒಳಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವುದು. ಮೂರನೇ ಇನ್‌ಟೇಕ್ ಪೋರ್ಟ್ ಬುಡದಲ್ಲೇ ಹೊಗೆ! ಅಲ್ಲಿನ ಗ್ಯಾಸ್ಕೆಟ್ (ಜೋಡಣೆಯಲ್ಲಿ ಗಾಳಿ ಸೋರದಂತೆ ತಡೆಯುವ ಪದರ) ಗಟ್ಟಿಯಾಗಿ ಸೀಳಿತ್ತು. ಹೊಸದು ಹಾಕಿ, ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮ್ಯಾನುಯಲ್‌ನ ಟಾರ್ಕ್‌ಗೆ ಬಿಗಿದೆ. ಕೋಡ್ ಅಳಿಸಿ ಓಡಿಸಿದ ಮೇಲೆ ಐಡ್ಲಿಂಗ್ ಟ್ರಿಮ್ +3%.