ಹೊಟ್ಟೆ ಹಗುರಾಗಿತ್ತು, ಕರುಳಿನ ಉರಿ ಇಳಿದಿರಲಿಲ್ಲ

ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗಿ ರಕ್ತ, ಲೋಳೆ ಹೋಗುವ ಕಾಯಿಲೆ. ಊಟ ಏನು ಬದಲಿಸಿದಿರಿ, ಯಾವ ಸಪ್ಲಿಮೆಂಟ್ ತೆಗೆದುಕೊಂಡಿರಿ ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಬರೆದುಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಅಂಕೋಲಾ ಹತ್ತಿರದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಅದರಲ್ಲಿ ಇದ್ದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಶುರುವಾದದ್ದು ಒಂದು ಮಳೆಗಾಲದಲ್ಲಿ. ಬೆಳಿಗ್ಗೆ ಶಾಲೆಗೆ ಹೊರಡುವಷ್ಟರಲ್ಲಿ ಆರೇಳು ಸಲ ಹೋಗಬೇಕು, ಬಸ್ಸಿನಲ್ಲಿ ಕೂತರೆ ಮುಂದಿನ ಸ್ಟಾಪಿನವರೆಗೆ ತಡೆದುಕೊಳ್ಳುವುದೇ ಕಷ್ಟ. ರಕ್ತ ಕಂಡರೂ ಮೂಲವ್ಯಾಧಿ ಅಂದುಕೊಂಡು ಎರಡು ತಿಂಗಳು ಸುಮ್ನೆ ಕಳೆದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕೊನೆಗೆ ಹುಬ್ಬಳ್ಳಿಗೆ ಹೋಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿದಾಗ ಕಾಯಿಲೆಯ ಹೆಸರು ಗೊತ್ತಾಯಿತು. ಕರುಳಿನ ಉರಿಯೂತ ಇಳಿಸುವ ಮೆಸಲಮೈನ್ ಮಾತ್ರೆ ಕೊಟ್ಟರು. ರಕ್ತ ನಿಂತಿತು. ಆದರೆ ಹೊಟ್ಟೆ ಉಬ್ಬರ, ಗ್ಯಾಸ್, ಗುಡುಗುಡು ಸದ್ದು ಹೋಗಲಿಲ್ಲ.

ಆಗ ಫಾಡ್‌ಮ್ಯಾಪ್ ಪಥ್ಯ ಅನ್ನುವ ಮಾತು ಕಿವಿಗೆ ಬಿತ್ತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇದನ್ನು ಬೆಳೆಸಿದ್ದು. ಕೆಲವು ಸಕ್ಕರೆಗಳನ್ನು ಸಣ್ಣ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಅವು ನೀರು ಎಳೆದುಕೊಳ್ಳುತ್ತಾ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕೆಲವು ಬೇಳೆಕಾಳು, ಮಾವಿನ ಹಣ್ಣು, ಎಲ್ಲ ಈ ಪಥ್ಯದಲ್ಲಿ ಬಿಡಬೇಕಾದ ಪಟ್ಟಿಯಲ್ಲಿ ಬರುತ್ತವೆ. ಬೇಸಿಗೆಯಲ್ಲಿ ಕುಮಟಾ ಕಡೆ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿ ಗೊಂಚಲು ತೂಗು ಹಾಕಿರುತ್ತಾರಲ್ಲ, ನಮ್ಮ ಮನೆಯಲ್ಲಿ ಅದಿಲ್ಲದೆ ಊಟವೇ ಇಲ್ಲ. ಅದನ್ನೇ ಬಿಟ್ಟೆ. ಬೆಳ್ಳುಳ್ಳಿಗೆ ಮಾತ್ರ ಒಂದು ದಾರಿ ಸಿಕ್ಕಿತು. ಅದರೊಳಗಿನ ಫ್ರಕ್ಟಾನ್ ಅನ್ನುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ತೆಗೆದು ಬಿಸಾಕಿ, ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಪರಿಮಳ ಸಿಗುತ್ತದೆ, ಗ್ಯಾಸ್ ಬರುವುದಿಲ್ಲ. ಹಾಲಿನ ಚಹಾ ಬಿಟ್ಟು ಮಜ್ಜಿಗೆಗೆ ಬಂದೆ. ಮೂರೇ ವಾರದಲ್ಲಿ ಹೊಟ್ಟೆ ಹೂವಿನ ಹಾಗೆ ಹಗುರಾಯಿತು.

ನಾನು ಎಡವಿದ್ದು ಇಲ್ಲೇ. ಇಷ್ಟು ಆರಾಮ ಇದೆಯಲ್ಲ, ಇನ್ನು ಮಾತ್ರೆ ಯಾಕೆ ಅಂತ ಯಾರಿಗೂ ಹೇಳದೆ ಅರ್ಧ ಮಾಡಿದೆ. ನಾಲ್ಕು ತಿಂಗಳ ಮೇಲೆ ಚೆಕಪ್‌ಗೆ ಹೋದಾಗ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬರೆದುಕೊಟ್ಟರು. ಕರುಳಿನಲ್ಲಿ ಉರಿಯೂತ ಇದ್ದರೆ ಬಿಳಿ ರಕ್ತಕಣಗಳು ಅಲ್ಲಿ ಬಂದು ಸೇರುತ್ತವೆ, ಅವುಗಳಲ್ಲಿರುವ ಈ ಪ್ರೋಟೀನ್ ಮಲದಲ್ಲಿ ಸಿಗುತ್ತದೆ. ಒಂದು ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸರಿ, 250 ದಾಟಿದರೆ ಉರಿಯೂತ ಜೋರಾಗಿದೆ ಅಂತ ಸಾಮಾನ್ಯವಾಗಿ ಲೆಕ್ಕ. ನನ್ನದು 680 ಬಂತು. ಹೊಟ್ಟೆ ನೋವಿಲ್ಲ, ಉಬ್ಬರ ಇಲ್ಲ, 680!

ಡಾಕ್ಟರ್ ಕೇಳಿದ್ದು ಒಂದೇ ಮಾತು: "ಮಾತ್ರೆ ಬಿಟ್ರಾ?"

ಬೈಯಲಿಲ್ಲ. ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದು ತೋರಿಸಿದರು. ಗ್ಯಾಸ್ ಆಗುವುದು ಕರುಳಿನ ಒಳಗೆ ಹೋದ ಆಹಾರದಿಂದ, ಉರಿಯೂತ ಇರುವುದು ಕರುಳಿನ ಗೋಡೆಯಲ್ಲಿ. ಈರುಳ್ಳಿ ಬಿಟ್ಟರೆ ಮೊದಲನೆಯದು ಕಡಿಮೆ ಆಗುತ್ತದೆ, ಎರಡನೆಯದು ಹಾಗೇ ಉಳಿಯಬಹುದು. ಇಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದೆ. ಒಂದರಲ್ಲಿ ಹೊಟ್ಟೆ ಹೇಗಿದೆ ಅಂತ, ಇನ್ನೊಂದರಲ್ಲಿ ಪರೀಕ್ಷೆಯ ಸಂಖ್ಯೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಕನಿಷ್ಠ ಎರಡು ವಾರ. ಮಾತ್ರೆ ಮತ್ತೆ ಪೂರ್ತಿ ಶುರು.

ಆದರೂ ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಂಡೆ. ಅದರ ಕಥೆ ಸ್ವಲ್ಪ ಉದ್ದ. ಆಯಿ ದಿನಾ ಹೇಳುತ್ತಿದ್ದಳು, "ಅರಿಶಿನ ನಮ್ಮ ಅಡುಗೆಮನೇಲೇ ಇದೆ, ಅದಕ್ಕಿಂತ ಔಷಧಿ ಬೇಕಾ?" ಆಯಿ ಹೇಳಿದ್ದರಲ್ಲಿ ಸತ್ಯ ಇಲ್ಲದೇ ಇಲ್ಲ. ಮೆಸಲಮೈನ್ ಜೊತೆಗೆ ದಿನಕ್ಕೆ 2ರಿಂದ 3 ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದ ಸತ್ವ, ಕೊಟ್ಟು ಮಾಡಿದ ಕೆಲವು ಸಣ್ಣ ಅಧ್ಯಯನಗಳಲ್ಲಿ ಈ ಕಾಯಿಲೆಯವರಿಗೆ ಅನುಕೂಲ ಕಂಡಿದೆ. ಆದರೆ ಲೆಕ್ಕ ಹಾಕಿ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ 3 ಭಾಗ. ಒಂದು ಚಮಚ ಪುಡಿ 3 ಗ್ರಾಂ ಅಂದುಕೊಂಡರೆ ಸಿಗುವುದು 90 ಮಿಲಿಗ್ರಾಂ. 2 ಗ್ರಾಂ ಬೇಕು ಅಂದರೆ ದಿನಕ್ಕೆ 20 ಚಮಚಕ್ಕೂ ಜಾಸ್ತಿ! ಸಾರಿಗೆ ಹಾಕುವ ಚಿಟಿಕೆ ರುಚಿಗೆ, ಬಣ್ಣಕ್ಕೆ. ಅದನ್ನು ಔಷಧಿ ಅನ್ನಲಾಗುವುದಿಲ್ಲ.

ಹಾಗಾಗಿ ಕ್ಯಾಪ್ಸೂಲ್ ತಂದೆ, ಕಾಳುಮೆಣಸಿನ ಸಾರ ಸೇರಿಸಿದ್ದು. ಕರ್ಕ್ಯುಮಿನ್ ಮೈಗೆ ಹತ್ತುವುದು ಬಹಳ ಕಡಿಮೆ, ಮೆಣಸಿನ ಪೈಪರಿನ್ ಸೇರಿಸಿದರೆ ಅದು ಸುಮಾರು 20 ಪಟ್ಟು ಏರುತ್ತದೆ ಅಂತ 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ ತೋರಿಸಿದ್ದರು. ಅದನ್ನು ಓದಿ ಖುಷಿಪಟ್ಟು ನುಂಗಿದೆ. ಎರಡು ತಿಂಗಳಿಗೆ ರಕ್ತ ಪರೀಕ್ಷೆಯಲ್ಲಿ ಲಿವರ್ ಎನ್ಜೈಮ್ ಎಸ್‌ಜಿಪಿಟಿ ಮಾಮೂಲಿಗಿಂತ ಮೂರು ಪಟ್ಟು ಆಗಿತ್ತು. ಇಂಥ ಕ್ಯಾಪ್ಸೂಲ್‌ಗಳಿಂದ, ಅದರಲ್ಲೂ ಮೆಣಸು ಸೇರಿದವುಗಳಿಂದ, ಕೆಲವರಿಗೆ ಲಿವರ್ ಪೆಟ್ಟು ತಿಂದ ವರದಿಗಳಿವೆ. ನಿಲ್ಲಿಸಿದ ಮೇಲೆ ಆರು ವಾರದಲ್ಲಿ ಇಳಿಯಿತು. ಗಿಡಮೂಲಿಕೆ ಅಲ್ವಾ, ಏನಾಗುತ್ತೆ ಅನ್ನುವವರಿಗೆ ನಾನು ಈ ಎರಡು ರಿಪೋರ್ಟ್ ತೋರಿಸುತ್ತೇನೆ.

ಕಬ್ಬಿಣದ ವಿಷಯದಲ್ಲೂ ಪಾಠ ಕಲಿತೆ. ಹಿಮೋಗ್ಲೋಬಿನ್ 9.2ಕ್ಕೆ ಇಳಿದಿತ್ತು. ಮೂರು ತಿಂಗಳು ದಿನಾ ಕಬ್ಬಿಣದ ಮಾತ್ರೆ ನುಂಗಿದರೂ 9.5. ಹೊಟ್ಟೆ ಹಿಂಡುತ್ತಿತ್ತು, ಮಲ ಕಪ್ಪಾಗಿ ರಕ್ತ ಹೋಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ, ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲನ್ನೇ ಮುಚ್ಚುತ್ತದೆ. ಹೊರಗಿಂದ ಎಷ್ಟು ತಳ್ಳಿದರೂ ಒಳಗೆ ಹೋಗುವುದಿಲ್ಲ. ಕೊನೆಗೆ ಡ್ರಿಪ್‌ನಲ್ಲಿ ಕಬ್ಬಿಣ ಕೊಟ್ಟರು, ಅದರಿಂದ ಎದ್ದು ಕೂತೆ. ಈಗ ಉರಿಯೂತ ತಣ್ಣಗಿರುವಾಗ ದಿನ ಬಿಟ್ಟು ದಿನ ಒಂದು ಮಾತ್ರೆ, ನಿಂಬೆ ಪಾನಕದ ಜೊತೆ, ಚಹಾದಿಂದ ದೂರ. ಏರುತ್ತಿದೆ. ವಿಟಮಿನ್ ಡಿ ಕಡಿಮೆ ಇತ್ತು, ವಾರಕ್ಕೊಂದು 60,000 ಯೂನಿಟ್‌ನಂತೆ 8 ವಾರ ಕೊಟ್ಟರು, ಸರಿಹೋಯಿತು. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡದ್ದನ್ನು ತುಂಬಿಸಿದಾಗ ಲಾಭ ಆಯಿತು. ಅಂಗಡಿಯಲ್ಲಿ ಕಂಡದ್ದನ್ನು ತಂದಾಗ ಆಗಲಿಲ್ಲ. ಪ್ರೊಬಯೋಟಿಕ್ ಪುಡಿ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಎರಡು ತಿಂಗಳು ತಿಂದೆ, ಎರಡು ಕಾಲಂನಲ್ಲೂ ಏನೂ ಬದಲಾಗಲಿಲ್ಲ.

ಮೀನೆಣ್ಣೆ ಕ್ಯಾಪ್ಸೂಲ್ ಬಗ್ಗೆ ನಮ್ಮ ಕರಾವಳಿಯವರು ಯೋಚಿಸಲೇಬೇಕು. 1000 ಮಿಲಿಗ್ರಾಂ ಅಂತ ಬರೆದಿರುವ ಸಾಧಾರಣ ಕ್ಯಾಪ್ಸೂಲಿನಲ್ಲಿ ನಿಜವಾದ ಒಮೆಗಾ-3 ಕೊಬ್ಬು ಇರುವುದು 300 ಮಿಲಿಗ್ರಾಂನಷ್ಟು. ಒಂದು ಊಟಕ್ಕೆ ತಿನ್ನುವ ತಾರ್ಲೆ, ಬಂಗಡೆ ಮೀನಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಒಮೆಗಾ-3ನಿಂದಲೇ ಈ ಕಾಯಿಲೆ ಶಾಂತವಾಗಿರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ, ಅದಕ್ಕೇ ಕ್ಯಾಪ್ಸೂಲಿಗೆ ದುಡ್ಡು ಹಾಕುವುದನ್ನು ಬಿಟ್ಟೆ. ಮೀನು ತಿನ್ನುವುದು ಪ್ರೋಟೀನಿಗೆ, ತೂಕ ಮತ್ತೆ ಬರಲಿಕ್ಕೆ, ಮತ್ತೆ ಮೀನಿಲ್ಲದೆ ನನಗೆ ಊಟ ಸೇರುವುದಿಲ್ಲ. ಹುರಿಯುವುದನ್ನು ಕಡಿಮೆ ಮಾಡಿ, ಬ್ಯಾಡಗಿ ಮೆಣಸಿನ ಬೀಜ ತೆಗೆದು, ಕಾಯಿ ಅರೆದು ತೆಳ್ಳಗೆ ಸಾರು ಮಾಡುತ್ತೇನೆ. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆಗ ಮೊಟ್ಟೆ, ಹೆಸರುಬೇಳೆ ತೊವ್ವೆ.

ಕಾಯಿಲೆ ಕೆರಳಿದಾಗ ನನ್ನ ಊಟ ಬೇರೆ. ಬೆಳ್ತಿಗೆ ಅಕ್ಕಿ ಗಂಜಿ, ಸ್ವಲ್ಪ ಉಪ್ಪು, ಸಿಪ್ಪೆ ಬೀಜ ತೆಗೆದು ಬೇಯಿಸಿದ ಕುಂಬಳಕಾಯಿ, ತಿಳಿ ಮಜ್ಜಿಗೆ. ನಾರು ಕಡಿಮೆ. ಆದರೆ ಇದರಲ್ಲೇ ಉಳಿದುಬಿಡುವುದು ತಪ್ಪು, ನಾನು ಒಂದು ವರ್ಷ ಉಳಿದಿದ್ದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ ಬ್ಯೂಟಿರೇಟ್, ಅದನ್ನು ಒಳಗಿನ ಬ್ಯಾಕ್ಟೀರಿಯಾ ನಾರಿನಿಂದ ತಯಾರಿಸುತ್ತವೆ. ನಾರು ಕೊಡದೇ ಇದ್ದರೆ ಅವು ಏನು ಮಾಡಬೇಕು? ಈಗ ಕುಚ್ಚಲಕ್ಕಿಗೆ ಮರಳಿದ್ದೇನೆ. ಬಸಳೆ, ಒಂದೆಲಗದ ತಂಬುಳಿ, ಬಾಳೆಕಾಯಿ, ಒಂದೊಂದನ್ನೇ ಎರಡೆರಡು ಚಮಚದಿಂದ ಶುರುಮಾಡಿದೆ. ಈರುಳ್ಳಿಯೂ ವಾಪಸ್ ಬಂದಿದೆ, ಸ್ವಲ್ಪ, ಚೆನ್ನಾಗಿ ಬಾಡಿಸಿ. ಫಾಡ್‌ಮ್ಯಾಪ್ ಪಥ್ಯ ಆಯುಷ್ಯಪೂರ್ತಿ ಮಾಡುವಂಥದ್ದಲ್ಲ, ಕೆಲವು ವಾರ ಬಿಟ್ಟು ಒಂದೊಂದೇ ವಾಪಸ್ ತಂದು ನೋಡುವಂಥದ್ದು. ಆ ಅರ್ಧವನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಇನ್ನೊಂದು ಮಾತು, ಸೊಂಟ ನೋವಿಗೆ, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಇವು ಕೆಲವರಿಗೆ ಕಾಯಿಲೆಯನ್ನು ಕೆರಳಿಸುತ್ತವೆ. ಡಾಕ್ಟರಿಗೆ ಕಾಯಿಲೆಯ ಹೆಸರು ಮೊದಲೇ ಹೇಳಿ.

ಹೋದ ಚೆಕಪ್‌ನಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 74 ಬಂದಿತ್ತು. ಈ ಮೇ ತಿಂಗಳಲ್ಲಿ ಕರಿ ಈಶಾಡ ಮಾವಿನ ಹಣ್ಣನ್ನೂ ಪರೀಕ್ಷೆ ಮಾಡಿದೆ. ಅರ್ಧ ಹಣ್ಣು ತಿಂದ ದಿನ ಏನೂ ಆಗಲಿಲ್ಲ, ಒಂದೂವರೆ ತಿಂದ ದಿನ ರಾತ್ರಿ ಎಲ್ಲ ಉಬ್ಬರ. ಮೊದಲ ಕಾಲಂನಲ್ಲಿ ಬರೆದಿಟ್ಟಿದ್ದೇನೆ. ಎರಡನೆಯ ಕಾಲಂ ಖಾಲಿ ಇದೆ, ಮುಂದಿನ ಪರೀಕ್ಷೆ ಆಗಸ್ಟಿನಲ್ಲಿ.